ಯಂತ್ರದ ಸ್ಥಿತಿಯೂ ಸ್ಥಿತಿಯ ವರದಿಯೂ

ಭಟ್ಕಳ, ಹೊನ್ನಾವರ, ಕುಮಟಾಗಳಂಥ ಕರಾವಳಿಯ ಊರುಗಳಲ್ಲಿ ಕಾಲೇಜು, ಸಹಕಾರಿ ಸಂಘ, ಸರಕಾರಿ ಕಚೇರಿ ಯಾವುದರೊಳಗೆ ಕಾಲಿಟ್ಟರೂ ಮೂಲೆಯಲ್ಲೊಂದು ಲೇಸರ್ ಪ್ರಿಂಟರು ಕಾಣಸಿಗುತ್ತದೆ. ನಾಲ್ಕಾರು ಕಂಪ್ಯೂಟರುಗಳು ತಂತಿಯ ಜಾಲದ ಮೂಲಕ ಒಂದೇ ಪ್ರಿಂಟರನ್ನು ಹಂಚಿಕೊಂಡಿರುವುದೂ ಸಾಮಾನ್ಯ. ಪರೀಕ್ಷೆಯ ಪ್ರವೇಶಪತ್ರ, ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲವೂ ಕಟ್ಟಕಡೆಗೆ ಇಂಥ ಯಂತ್ರದಿಂದಲೇ ಹೊರಬರಬೇಕು. ಭೂಮಿ ಯೋಜನೆಯ ಫಲವಾಗಿ ೨೦೦೨ರ ಹೊತ್ತಿಗೆ ಕರ್ನಾಟಕದ ತಾಲೂಕುಗಳಲ್ಲಿ ಕೈಬರಹದ ಪಹಣಿ ಹೋಗಿ ಮುದ್ರಿತ ಪಹಣಿ ಬಂದಿತು. ಹೀಗಿರುವಾಗ, ಅರ್ಜಿಯ ಕೊನೆಯ ದಿನದಂದು ಕಂಪ್ಯೂಟರಿನ ಪರದೆಯ ಮೇಲೆ “ಪ್ರಿಂಟರು ಆಫ್‌ಲೈನ್” ಎಂಬ ಮಾತು ಮೂಡಿದರೆ, ಸಾಲಿನಲ್ಲಿ ನಿಂತವನ ಒಂದು ವರ್ಷದ ವಿದ್ಯಾರ್ಥಿವೇತನವೇ ಅಪಾಯಕ್ಕೆ ಸಿಕ್ಕಬಹುದು.

ಇಂಥ ಸಮಯದಲ್ಲಿ ಬಹುಮಂದಿ ಪರದೆಯ ಮಾತನ್ನೇ ತೀರ್ಪೆಂದು ಭಾವಿಸುತ್ತಾರೆ. ಯಂತ್ರವು ಹತ್ತು ಹನ್ನೆರಡು ವರ್ಷ ದುಡಿದದ್ದಾದರೆ ಅದನ್ನು ಗುಜರಿಗೆ ಹಾಕುವ ಆಲೋಚನೆಯೇ ಮೊದಲು ಬರುತ್ತದೆ. ಆದರೆ ಭೌತವಿಜ್ಞಾನವನ್ನು ಓದುವ ನಾವು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಯಂತ್ರದ ಸ್ಥಿತಿ ಬೇರೆ. ಆ ಸ್ಥಿತಿಯನ್ನು ಕುರಿತು ನಮಗೆ ತಲಪುವ ವರದಿ ಬೇರೆ. ಜ್ವರಮಾಪಕವು ತೋರಿಸುವುದು ತನ್ನದೇ ಉಷ್ಣತೆಯನ್ನು. ಅದು ರೋಗಿಯ ಉಷ್ಣತೆಯೂ ಹೌದೆಂದು ನಂಬಲು ಅದನ್ನು ಸರಿಯಾಗಿ, ಸಾಕಷ್ಟು ಹೊತ್ತು ಇಟ್ಟಿರಬೇಕು. ಪ್ರಿಂಟರಿನ ವಿಷಯವೂ ಹಾಗೆಯೇ. ವರದಿಯು ಯಾವ ದಾರಿಯಿಂದ ಬಂದಿತೆಂದು ತಿಳಿದರೆ ದೋಷವು ಎಲ್ಲಿದೆಯೆಂಬುದನ್ನು ಹುಡುಕಬಹುದು.

ವರದಿಯ ದಾರಿ

ಕಂಪ್ಯೂಟರು ಮತ್ತು ಪ್ರಿಂಟರುಗಳ ನಡುವೆ ನಡೆಯುವ ಸಂಭಾಷಣೆ ಒಂದಲ್ಲ, ಎರಡು. ಮೊದಲನೆಯದು ಮುದ್ರಿಸಬೇಕಾದ ಪುಟವನ್ನು ಸಾಗಿಸುವುದು. ಇದು ಅನೇಕ ಪ್ರಿಂಟರುಗಳಲ್ಲಿ ೯೧೦೦ ಎಂಬ ಸಂಖ್ಯೆಯ ಪೋರ್ಟಿನ ಮೂಲಕ, ಟಿ.ಸಿ.ಪಿ. ಎಂಬ ನಿಯಮಾವಳಿಯಂತೆ ನಡೆಯುತ್ತದೆ. ಕಳುಹಿಸಿದ ಪ್ರತಿಯೊಂದು ತುಣುಕಿಗೂ “ತಲಪಿತು” ಎಂಬ ರಸೀದಿ ಹಿಂದಿರುಗಬೇಕು. ಬಾರದಿದ್ದರೆ ಆ ತುಣುಕನ್ನು ಮತ್ತೆ ಕಳುಹಿಸಲಾಗುವುದು. ಎರಡನೆಯದು ಸ್ಥಿತಿಯ ವಿಚಾರಣೆ. “ಬಿಡುವಾಗಿದ್ದೀಯೋ, ಮುದ್ರಿಸುತ್ತಿದ್ದೀಯೋ, ಕಾಯುತ್ತಿದ್ದೀಯೋ, ಕಾಗದ ಮುಗಿದಿದೆಯೋ?” ಎಂದು ಕಂಪ್ಯೂಟರು ಆಗಾಗ ಕೇಳುತ್ತಿರುತ್ತದೆ. ಇದಕ್ಕಾಗಿ ೧೯೮೮ರಲ್ಲಿ ಮೊದಲು ನಿರೂಪಿತವಾದ ಎಸ್.ಎನ್.ಎಂ.ಪಿ. ಎಂಬ ನಿಯಮಾವಳಿಯುಂಟು. ಇದು ಸಾಮಾನ್ಯವಾಗಿ ೧೬೧ನೆಯ ಪೋರ್ಟಿನಲ್ಲಿ, ಯು.ಡಿ.ಪಿ. ಎಂಬ ರಸೀದಿಯಿಲ್ಲದ ಸಾಗಣೆಯಿಂದ ನಡೆಯುತ್ತದೆ. ಅಂಚೆಯ ಡಬ್ಬಿಗೆ ಹಾಕಿದ ಸಾದಾ ಕಾರ್ಡಿನಂತೆ ಪ್ರಶ್ನೆಯು ಹೋಗುತ್ತದೆ. ಅದು ತಲಪಿತೋ ಇಲ್ಲವೋ ಎಂಬುದನ್ನು ಸಾಗಣೆಯು ತಿಳಿಸುವುದಿಲ್ಲ.

ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ಹಳೆಯ ಪ್ರಿಂಟರು ಎರಡನೆಯ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಕೊಡದಿದ್ದರೆ, ಕಂಪ್ಯೂಟರು ಅದನ್ನು ಆಫ್‌ಲೈನ್ ಎಂದು ಸಾರಿಬಿಡಬಹುದು. ಪುಟವನ್ನು ಸಾಗಿಸುವ ಮೊದಲನೆಯ ದಾರಿ ಆಗಲೂ ತೆರೆದೇ ಇರಬಹುದು. ವಿಂಡೋಸ್‌ನಲ್ಲಿ ಪೋರ್ಟಿನ ವಿವರಗಳೊಳಗೆ “ಎಸ್.ಎನ್.ಎಂ.ಪಿ. ಸ್ಟೇಟಸ್” ಎಂಬ ಗುರುತುಚೌಕವಿದೆ. ಅದರ ಗುರುತನ್ನು ತೆಗೆದೊಡನೆ “ಸತ್ತ” ಪ್ರಿಂಟರು ಮುದ್ರಿಸತೊಡಗುವುದುಂಟು. ಹಾಗಾದಾಗ ಯಂತ್ರಕ್ಕೆ ಹೊಸ ಜೀವ ಬಂದಿತೆಂದಲ್ಲ. ತಪ್ಪು ವರದಿ ನಿಂತಿತೆಂದಷ್ಟೇ ಅರ್ಥ.

ಇನ್ನೊಂದು ಕಾರಣ ವಿಳಾಸದ ಬದಲಾವಣೆ. ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ೧೯೨.೧೬೮.೧.೪೫ ಎಂಬಂಥ ಒಂದು ವಿಳಾಸವಿರುತ್ತದೆ. ಅನೇಕ ಕಚೇರಿಗಳಲ್ಲಿ ಈ ವಿಳಾಸಗಳನ್ನು ರೂಟರು ನಿಶ್ಚಿತ ಅವಧಿಗೆ ಬಾಡಿಗೆಯಂತೆ ಹಂಚುತ್ತದೆ. ಮಳೆಗಾಲದ ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದಾಗ ಪ್ರಿಂಟರಿಗೆ ೪೫ರ ಬದಲು ೫೧ ದೊರೆಯಿತೆನ್ನೋಣ. ಕಂಪ್ಯೂಟರು ಮಾತ್ರ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಆ ಮನೆಗೆ ಬೇರೊಬ್ಬರ ಮೊಬೈಲು ಬಾಡಿಗೆಗೆ ಬಂದಿರಲೂಬಹುದು. ಪ್ರಿಂಟರಿಗೆ ಸ್ಥಿರವಾದ ವಿಳಾಸವನ್ನು ಕಾದಿರಿಸುವುದೇ ಇದಕ್ಕೆ ಪರಿಹಾರ.

ಕಾಗದವಿಲ್ಲದೆಯೂ ಸಿಕ್ಕಿಕೊಂಡ ಕಾಗದ

ವರದಿಯು ಯಂತ್ರದ ಒಳಗೇ ತಪ್ಪಾಗಿ ಹುಟ್ಟುವುದೂ ಉಂಟು. ಕಾಗದವು ಸಾಗುವ ಹಾದಿಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ನಾಲಗೆಗಳಿರುತ್ತವೆ. ಕಾಗದ ತಾಗಿದಾಗ ನಾಲಗೆ ವಾಲುತ್ತದೆ. ಅದರ ಇನ್ನೊಂದು ತುದಿಯು ಒಂದು ಕಿರುದೀಪ ಮತ್ತು ಬೆಳಕನ್ನು ಗ್ರಹಿಸುವ ಅರೆವಾಹಕದ ನಡುವಿನಿಂದ ಸರಿಯುತ್ತದೆ, ಇಲ್ಲವೇ ನಡುವೆ ಬರುತ್ತದೆ. ಬೆಳಕು ಬಿತ್ತೇ ಇಲ್ಲವೇ ಎಂಬುದಷ್ಟೇ ಪ್ರಿಂಟರಿಗೆ ತಿಳಿಯುವುದು. ನಾಲಗೆ ಮುರಿದರೆ, ಅದರ ಸ್ಪ್ರಿಂಗು ಸಡಿಲವಾದರೆ, ದೀಪದ ಮುಂದೆ ಧೂಳು ಕೂತರೆ, ಕಾಗದದ ಚೂರೊಂದೂ ಇಲ್ಲದ ಹಾದಿಯಲ್ಲಿ “ಕಾಗದ ಸಿಕ್ಕಿದೆ” ಎಂಬ ವರದಿ ಹೊರಡುತ್ತದೆ. ಕಾಗದವನ್ನು ಎಳೆದುಕೊಳ್ಳುವ ರಬ್ಬರಿನ ಉರುಳೆಯು ವಯಸ್ಸಾದಂತೆ ಗಟ್ಟಿಯಾಗಿ ನುಣುಪಾಗುತ್ತದೆ. ಘರ್ಷಣೆ ಕುಗ್ಗಿ ಅದು ಜಾರುತ್ತದೆ. ಆಗ ತಟ್ಟೆಯ ತುಂಬ ಹಾಳೆಗಳಿದ್ದರೂ “ಕಾಗದ ಹಾಕಿ” ಎಂದು ಯಂತ್ರವು ಕೇಳಬಹುದು.

ವಿಳಂಬದ ಲೆಕ್ಕ

ತಡವಾಗಿ ಮುದ್ರಿಸುವ ಪ್ರಿಂಟರನ್ನು ಕೈಗಡಿಯಾರ ಹಿಡಿದು ಪರೀಕ್ಷಿಸುವುದು ಯೋಗ್ಯ. ಆಜ್ಞೆ ಕೊಟ್ಟ ಕ್ಷಣದಿಂದ ಪ್ರಿಂಟರಿನ ದೀಪ ಮಿನುಗುವವರೆಗೆ ಒಂದು ಅವಧಿ. ದೀಪ ಮಿನುಗಿದ್ದರಿಂದ ಕಾಗದ ಚಲಿಸುವವರೆಗೆ ಎರಡನೆಯದು. ಕಾಗದ ಚಲಿಸಿ ಹೊರಬರುವವರೆಗೆ ಮೂರನೆಯದು. ಮೊದಲನೆಯದು ದೀರ್ಘವಾದರೆ ದೋಷವನ್ನು ಕಂಪ್ಯೂಟರಿನಲ್ಲಿಯೂ ಜಾಲದಲ್ಲಿಯೂ ಹುಡುಕಬೇಕು, ಎರಡನೆಯದಾದರೆ ಪ್ರಿಂಟರಿನ ಸ್ಮೃತಿಯಲ್ಲಿ ಅಥವಾ ಅದರ ಕಾಯುವಿಕೆಯಲ್ಲಿ, ಮೂರನೆಯದಾದರೆ ಉರುಳೆಗಳಲ್ಲಿ.

ಜಾಲದ ಮೇಲೆ ಅಪವಾದ ಹೊರಿಸುವ ಮುನ್ನ ಸಣ್ಣದೊಂದು ಲೆಕ್ಕ ಮಾಡೋಣ. ಎ-೪ ಹಾಳೆಯು ೮.೨೭ ಅಂಗುಲ ಅಗಲ, ೧೧.೬೯ ಅಂಗುಲ ಉದ್ದವಿದೆ. ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಅದರ ಮೇಲೆ ಸುಮಾರು ೩ ಕೋಟಿ ೪೮ ಲಕ್ಷ ಚುಕ್ಕೆಗಳು ಹಿಡಿಸುತ್ತವೆ. ಚುಕ್ಕೆಯೊಂದಕ್ಕೆ ಒಂದು ಬಿಟ್‌ನಂತೆ ಲೆಕ್ಕ ಹಿಡಿದು, ಸೆಕೆಂಡಿಗೆ ೧ ಕೋಟಿ ಬಿಟ್ ಸಾಗಿಸುವ ಹಳೆಯ ಜಾಲದಲ್ಲಿ ಕಳುಹಿಸಿದರೂ ಇಡೀ ಪುಟಕ್ಕೆ ಮೂರೂವರೆ ಸೆಕೆಂಡು ಸಾಕು. ಆದುದರಿಂದ ಒಂದು ಪುಟಕ್ಕೆ ಐದು ನಿಮಿಷ ಹಿಡಿದರೆ, ಸುಸ್ಥಿತಿಯಲ್ಲಿರುವ ತಂತಿ ಅದಕ್ಕೆ ಹೊಣೆಯಲ್ಲ. ಚಿತ್ರಗಳೂ ಬಗೆಬಗೆಯ ಅಕ್ಷರವಿನ್ಯಾಸಗಳೂ ತುಂಬಿದ ಪುಟವನ್ನು ಚುಕ್ಕೆಗಳಾಗಿ ಒಡೆಯುವ ಕೆಲಸವು ಹಳೆಯ ಪ್ರಿಂಟರಿನ ಅಲ್ಪ ಸ್ಮೃತಿಗೆ ಭಾರವಾಗಿರಬಹುದು. ಕೇವಲ ಹತ್ತು ಸಾಲಿನ ಬರಹವನ್ನು ಮುದ್ರಿಸಿ ನೋಡಿದರೆ ಇದು ತಿಳಿಯುತ್ತದೆ. ಅದು ಬೇಗ ಬಂದರೆ ಭಾರವಿದ್ದದ್ದು ಪುಟದಲ್ಲೇ.

ಕಾಯುವಿಕೆಯ ಲೆಕ್ಕವೂ ಕುತೂಹಲಕರ. ಲೇಸರ್ ಪ್ರಿಂಟರಿನಲ್ಲಿ ಟೋನರೆಂಬ ಪುಡಿಯನ್ನು ವಿದ್ಯುದಾವೇಶದ ಬಲದಿಂದ ಕಾಗದಕ್ಕೆ ಅಂಟಿಸಿ, ಬಿಸಿಯಾದ ಉರುಳೆಯ ಅಡಿಯಲ್ಲಿ ಕರಗಿಸಿ ಒತ್ತಲಾಗುತ್ತದೆ. ಒಣಪುಡಿಯಿಂದ ಪ್ರತಿ ತೆಗೆಯುವ ಈ ವಿಧಾನವನ್ನು ಚೆಸ್ಟರ್ ಕಾರ್ಲ್ಸನ್ ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ೧೯೩೮ರ ಅಕ್ಟೋಬರ್ ೨೨ರಂದು ಮೊದಲು ಸಾಧಿಸಿದನು. ಉರುಳೆಯಲ್ಲಿ ೪೦೦ ಗ್ರಾಂ ಅಲ್ಯುಮಿನಿಯಂ ಇದೆಯೆಂದೂ, ಅದನ್ನು ೩೦ ಡಿಗ್ರಿಯಿಂದ ೧೯೦ ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕೆಂದೂ ಭಾವಿಸೋಣ. ಗ್ರಾಮಿಗೆ ಡಿಗ್ರಿಯೊಂದಕ್ಕೆ ೦.೯ ಜೂಲಿನಂತೆ ೫೭,೬೦೦ ಜೂಲು ಬೇಕು. ೮೦೦ ವಾಟಿನ ದೀಪವು ಇದನ್ನು ೭೨ ಸೆಕೆಂಡಿನಲ್ಲಿ ಒದಗಿಸುತ್ತದೆ. ವೋಲ್ಟೇಜು ೨೩೦ರಿಂದ ೨೦೦ಕ್ಕೆ ಇಳಿದರೆ, ತಂತುವಿನ ರೋಧವು ಬದಲಾಗದೆಂದು ಹಿಡಿದಾಗ, ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗಿ ಸಮಯವು ೯೫ ಸೆಕೆಂಡಾಗುತ್ತದೆ. ಉರುಳೆಯು ನಿಗದಿಯಾದ ಹೊತ್ತಿನಲ್ಲಿ ಬಿಸಿಯಾಗದಿದ್ದರೆ ಯಂತ್ರವು ಅದನ್ನೇ ದೋಷವೆಂದು ವರದಿ ಮಾಡುವುದುಂಟು. ಆಗ ಮೊದಲು ಅಳೆಯಬೇಕಾದದ್ದು ಗೋಡೆಯ ಪ್ಲಗ್ಗಿನ ವೋಲ್ಟೇಜನ್ನು.

ಮಳೆಗಾಲದ ಪಾಠ

ನಮ್ಮ ಕರಾವಳಿಗೆ ವಿಶೇಷವಾದ ಶತ್ರುಗಳೂ ಇವೆ. ಆಷಾಢ ಶ್ರಾವಣಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ದಿನಗಟ್ಟಲೆ ನೂರಕ್ಕೆ ೮೫ರ ಮೇಲಿರುತ್ತದೆ; ಪ್ರಿಂಟರುಗಳನ್ನು ಸಾಮಾನ್ಯವಾಗಿ ನೂರಕ್ಕೆ ೮೦ರವರೆಗಿನ ಆರ್ದ್ರತೆಗೆ ರಚಿಸಿರುತ್ತಾರೆ. ತೇವ ಹೀರಿದ ಕಾಗದದಲ್ಲಿ ವಿದ್ಯುದಾವೇಶ ನಿಲ್ಲದೆ ಸೋರಿ ಅಕ್ಷರ ಮಂಕಾಗುತ್ತದೆ. ಬಿಸಿ ಉರುಳೆಯಡಿ ಆ ತೇವವು ಆವಿಯಾಗಿ ಹಾಳೆ ಸುರುಳಿಗೊಂಡು ಸಿಕ್ಕಿಬೀಳುತ್ತದೆ. ಕಾಗದದ ಕಟ್ಟನ್ನು ಬಿಚ್ಚಿಡದೆ, ಆ ದಿನಕ್ಕೆ ಬೇಕಾದಷ್ಟನ್ನೇ ತಟ್ಟೆಗೆ ಹಾಕುವುದು ಅತಿ ಅಗ್ಗದ ದುರಸ್ತಿ. ಕಡಲಗಾಳಿಯ ಉಪ್ಪು ಕೇಬಲ್ಲಿನ ತುದಿಯ ಸಂಪರ್ಕಗಳಲ್ಲಿ ಕಿಲುಬು ಹಿಡಿಸಿ, ಜಾಲವು ಒಮ್ಮೆ ಇದ್ದು ಒಮ್ಮೆ ಇಲ್ಲದಂತೆ ಮಾಡಬಲ್ಲದು.

ಪರೀಕ್ಷೆಯ ಕ್ರಮ

ಈಗ ಕ್ರಮವನ್ನು ಹೇಳುವುದು ಸುಲಭ. ಒಂದು: ಕಂಪ್ಯೂಟರನ್ನು ಮರೆತು, ಪ್ರಿಂಟರಿನ ಗುಂಡಿಗಳಿಂದಲೇ ಅದರ ವಿವರಪುಟವನ್ನು ಮುದ್ರಿಸಬೇಕು. ಪುಟ ಬಂದರೆ ಉರುಳೆ, ಟೋನರು, ಕಾಗದದ ಹಾದಿ ಇವೆಲ್ಲವೂ ನಿರ್ದೋಷಿಗಳು; ಯಂತ್ರದ ಈಗಿನ ವಿಳಾಸವೂ ಅದರಲ್ಲೇ ಸಿಕ್ಕುತ್ತದೆ. ಎರಡು: ಆ ವಿಳಾಸವನ್ನು ಕಂಪ್ಯೂಟರಿನ ಪೋರ್ಟಿನಲ್ಲಿರುವ ವಿಳಾಸದೊಡನೆ ಹೋಲಿಸಬೇಕು. ಮೂರು: “ಪಿಂಗ್” ಆಜ್ಞೆಯಿಂದ ಆ ವಿಳಾಸವನ್ನು ಕೂಗಿ ಉತ್ತರ ಬರುವುದೇ ನೋಡಬೇಕು. ಬಂದರೆ ಪ್ರಿಂಟರನ್ನು ಆರಿಸಿ ಮತ್ತೆ ಕೂಗಬೇಕು. ಆಗಲೂ ಉತ್ತರ ಬಂದರೆ ಓಗೊಡುತ್ತಿರುವುದು ಅದೇ ವಿಳಾಸವನ್ನು ಹಿಡಿದಿರುವ ಬೇರೊಂದು ಯಂತ್ರ. ನಾಲ್ಕು: ಪ್ರಿಂಟರನ್ನು ಮತ್ತೆ ಹಚ್ಚಿ, ಸ್ಥಿತಿ ವಿಚಾರಣೆಯ ಗುರುತನ್ನು ತೆಗೆದು, ಸಾಲುಗಟ್ಟಿ ನಿಂತ ಹಳೆಯ ಮುದ್ರಣಾಜ್ಞೆಗಳನ್ನು ಅಳಿಸಿ, ಸಣ್ಣ ಬರಹವೊಂದನ್ನು ಮುದ್ರಿಸಬೇಕು. ಒಮ್ಮೆಗೆ ಒಂದನ್ನೇ ಬದಲಿಸುವುದು ಮುಖ್ಯ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದಲೇ ತೊಡಗಬೇಕಾಗುತ್ತದೆ. ಮುಚ್ಚಳ ತೆರೆಯುವ ಮುನ್ನ ವಿದ್ಯುತ್ತನ್ನು ಆರಿಸಿ, ಉರುಳೆಯು ಆರುವವರೆಗೆ ಕಾಯುವುದನ್ನು ಯಾರೂ ಮರೆಯಬಾರದು.

ಈ ಪರೀಕ್ಷೆಗಳಿಗೆ ಹೆಚ್ಚೆಂದರೆ ಅರ್ಧ ಗಂಟೆ, ನಾಲ್ಕು ಹಾಳೆ ಕಾಗದ ಸಾಕು. ಅವುಗಳ ಬಳಿಕವೂ ಯಂತ್ರವು ಸೋತಿದೆಯೆಂದೇ ಕಂಡುಬಂದರೆ ಅದಕ್ಕೆ ವಿಶ್ರಾಂತಿ ಕೊಡುವುದು ನ್ಯಾಯವೇ. ಆದರೆ ಆ ತೀರ್ಮಾನವು ಪರದೆಯ ಒಂದು ಸಾಲಿನಿಂದ ಬಂದದ್ದಾಗಿರದೆ, ನಾವೇ ಮಾಡಿ ನೋಡಿದ ಪರೀಕ್ಷೆಯಿಂದ ಬಂದದ್ದಾಗಿರಲಿ. ಮುಂದೆ ನಿಮ್ಮ ಕಾಲೇಜಿನ ಕಚೇರಿಯಲ್ಲಿ “ಪ್ರಿಂಟರು ಕೆಟ್ಟಿದೆ, ನಾಳೆ ಬಾ” ಎಂಬ ಮಾತು ಕೇಳಿಬಂದರೆ, ವಿನಯದಿಂದ ಹೀಗೆ ಕೇಳಿ ನೋಡಿರಿ: “ಸರ್, ಅದರ ವಿವರಪುಟ ಬರುತ್ತದೆಯೇ?”