ಕಳೆ ಮಿಷನ್ನಿನ ಸ್ಪೇರ್ ಪಾರ್ಟ್ ಒಂದೇ ಸಲಕ್ಕೆ ಸರಿಯಾಗಿ ಸಿಗಲು

ಜೂನ್ ಮಳೆ ಹಿಡಿದ ಮೇಲೆ ಅಡಿಕೆ ತೋಟದ ಕಳೆ ಯಾರಿಗೂ ಕಾಯುವುದಿಲ್ಲ. ಆಳು ಸಿಗುವುದೇ ಕಷ್ಟವಾಗಿರುವ ಮಲೆನಾಡಿನಲ್ಲಿ ಮಿಷನ್ ಕೈಕೊಟ್ಟರೆ ಇಡೀ ವಾರದ ಕೆಲಸ ತಲೆಕೆಳಗು. ಕೆಟ್ಟಿರುವುದು ಎಷ್ಟೋ ಸಲ ಒಂದು ಸಣ್ಣ ಡಯಾಫ್ರಮ್. ಅದನ್ನು ತರಲು ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬಂದರೆ ದಿನ ಮುಗಿಯಿತು. ತಂದದ್ದು ಕೂರದಿದ್ದರೆ ಇನ್ನೊಂದು ದಿನ. ಈಗ ಕಂಪನಿಗಳ ಡೀಲರ್ ಪೋರ್ಟಲ್‌ಗಳಲ್ಲಿ ಯಂತ್ರದ ಒಂದೊಂದು ಸ್ಕ್ರೂವಿಗೂ ಚಿತ್ರವಿದೆ, ನಂಬರ್ ಇದೆ. ಕೆಲವನ್ನು ನಾವೇ ಮೊಬೈಲಿನಲ್ಲಿ ನೋಡಬಹುದು, ಕೆಲವಕ್ಕೆ ಡೀಲರ್ ಲಾಗಿನ್ ಬೇಕು. ಯಾರೇ ಹುಡುಕಲಿ, ಮಿಷನ್ನಿನ ಗುರುತು ಸರಿಯಾಗಿ ಗೊತ್ತಿದ್ದರೆ ಮಾತ್ರ ಪೋರ್ಟಲ್ ಸರಿಯಾದ ಪಾರ್ಟ್ ತೋರಿಸುತ್ತದೆ.

1. ಮಿಷನ್ನಿನ ಜಾತಕ ಬರೆದಿಡಿ

‘ನಮ್ಮದು ಹೋಂಡಾ’ ಎಂದರೆ ಸಾಲದು. ಹೋಂಡಾದ ಜಿಎಕ್ಸ್ 35 ಎಂಜಿನ್ನನ್ನು ಬೇರೆ ಬೇರೆ ಕಂಪನಿಗಳು ತಮ್ಮ ಕಟ್ಟರ್‌ಗೆ ಕೂರಿಸಿ ಮಾರುತ್ತವೆ. ಅಂಥ ಮಿಷನ್ನಿನಲ್ಲಿ ಎಂಜಿನ್ನಿನ ಪಾರ್ಟ್ ಹೋಂಡಾದ ಪಟ್ಟಿಯಲ್ಲಿ ಸಿಗುತ್ತದೆ. ಶಾಫ್ಟ್, ಗೇರ್ ಬಾಕ್ಸ್, ಹ್ಯಾಂಡಲ್ ಎಲ್ಲ ಇನ್ನೊಂದು ಕಂಪನಿಯ ಪಟ್ಟಿಯಲ್ಲಿ. ಇದು ತಿಳಿಯದೆ ಒಂದೇ ಪೋರ್ಟಲ್‌ನಲ್ಲಿ ತಡಕಾಡಿ ‘ಪಾರ್ಟೇ ಬರುವುದಿಲ್ಲವಂತೆ’ ಎಂದು ಕೈಬಿಟ್ಟವರು ಎಷ್ಟೋ ಜನ. 25 ಸಿಸಿಯ ಜಿಎಕ್ಸ್ 25 ಮತ್ತು 35.8 ಸಿಸಿಯ ಜಿಎಕ್ಸ್ 35 ನೋಡಲು ಅಣ್ಣತಮ್ಮಂದಿರು. ಪಾರ್ಟ್‌ಗಳು ಮಾತ್ರ ಬೇರೆ.

ಹಳೆಯ ಬ್ರಷ್ಷಿನಿಂದ ಎಂಜಿನ್ನಿನ ಮೈಗೆ ಮೆತ್ತಿದ ಹುಲ್ಲು, ಎಣ್ಣೆ ಒರೆಸಿ. ಕೆತ್ತಿದ ನಂಬರ್, ಸ್ಟಿಕ್ಕರ್ ಎರಡರ ಫೋಟೊ ಹಗಲು ಬೆಳಕಿನಲ್ಲೇ ತೆಗೆದಿಡಿ. ಹಸ್ಕ್‌ವರ್ನಾ ಆದರೆ ಒಂಬತ್ತು ಅಂಕಿಯ ಉತ್ಪನ್ನ ನಂಬರ್ ಬೇಕು. ಬ್ರಿಗ್ಸ್ ಆಂಡ್ ಸ್ಟ್ರಾಟನ್ ಎಂಜಿನ್ನಿಗೆ ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಂಖ್ಯೆಗಳಿವೆ. ಕೋಡಿನ ಮೊದಲ ಆರು ಅಂಕಿ ಎಂಜಿನ್ ತಯಾರಾದ ವರ್ಷ, ತಿಂಗಳು, ದಿನ. ಕವರ್ ಮೇಲಿನ ಹೆಸರನ್ನಷ್ಟೇ ನಂಬಬೇಡಿ, ರಿಪೇರಿಯಲ್ಲಿ ಕವರ್ ಬದಲಾಗಿರಬಹುದು.

2. ಪಾರ್ಟ್ ನಂಬರ್ ಓದಲು ಕಲಿಯಿರಿ

ಇದು ಕಷ್ಟದ ವಿದ್ಯೆಯಲ್ಲ, ಒಮ್ಮೆ ಕಲಿತರೆ ಮೋಸ ಹೋಗುವುದು ತಪ್ಪುತ್ತದೆ. ಹೋಂಡಾದ ನಂಬರಿನಲ್ಲಿ ಮೊದಲ ಐದು ಅಂಕಿ ಅದು ಯಾವ ಭಾಗ ಎಂದು ಹೇಳುತ್ತದೆ: 16100 ಎಂದರೆ ಕಾರ್ಬೊರೇಟರ್, 28400 ಎಂದರೆ ಹಗ್ಗ ಎಳೆಯುವ ಸ್ಟಾರ್ಟರ್. ನಡುವಿನ ಮೂರು ಅಕ್ಷರ ಆ ಭಾಗ ಯಾವ ಎಂಜಿನ್ನಿಗೆಂದು ತಯಾರಾದದ್ದು ಎಂಬುದರ ಗುರುತು. ಸ್ಟಿಲ್ ಕಂಪನಿಯದು ಹನ್ನೊಂದು ಅಂಕಿ. ಮೊದಲ ನಾಲ್ಕು ಯಂತ್ರದ ಕುಟುಂಬ. 4134 ಎಂದರೆ ಎಫ್‌ಎಸ್ 120, ಎಫ್‌ಎಸ್ 250 ಕಟ್ಟರ್‌ಗಳ ಬಳಗ; 1123 ಎಂದರೆ ಎಂಎಸ್ 250 ಮರಗರಗಸದ ಬಳಗ. 9ರಿಂದ ಶುರುವಾದರೆ ಹಲವು ಯಂತ್ರಗಳಿಗೆ ಹೊಂದುವ ಸ್ಕ್ರೂ, ಬೇರಿಂಗ್‌ನಂಥ ಸಾಮಾನ್ಯ ಸಾಮಾನು. ಅಂಗಡಿಯವರು ಕೊಟ್ಟ ಪೊಟ್ಟಣದ ಮೇಲೆ ಈ ಮೊದಲ ಅಂಕಿಗಳನ್ನು ನೋಡಿದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ.

3. ಚಿತ್ರದ ಕ್ರಮಸಂಖ್ಯೆಯನ್ನು ಆರ್ಡರ್ ಮಾಡಬೇಡಿ

ಪೋರ್ಟಲ್‌ನಲ್ಲಿ ಯಂತ್ರವನ್ನು ಬಿಚ್ಚಿ ಹರಡಿದಂತೆ ಚಿತ್ರ ಇರುತ್ತದೆ. ಅದರಲ್ಲಿ 14 ಎಂದಿದ್ದರೆ ಅದು ಪಟ್ಟಿಯ ಸಾಲು ಮಾತ್ರ, ಪಾರ್ಟ್ ನಂಬರ್ ಆ ಸಾಲಿನಲ್ಲಿದೆ. ಎಷ್ಟು ಬೇಕು ಎಂಬ ಕಲಮನ್ನೂ ನೋಡಿ. ಕೆಲವು ಭಾಗಗಳಿಗೆ ‘ಈ ಸೀರಿಯಲ್ ನಂಬರಿನಿಂದ ಮುಂದೆ’ ಎಂಬ ಷರಾ ಇರುತ್ತದೆ. ಜಾತಕ ಬರೆದಿಟ್ಟದ್ದು ಉಪಯೋಗಕ್ಕೆ ಬರುವುದು ಇಲ್ಲೇ. ಇಡೀ ಸ್ಟಾರ್ಟರ್ ಬೇಕೋ, ಒಳಗಿನ ಸ್ಪ್ರಿಂಗ್ ಮಾತ್ರ ಸಾಕೋ ಎಂದೂ ಯೋಚಿಸಿ. ಬಿಡಿಯಾಗಿ ನಂಬರ್ ಇದ್ದರೆ ಬಿಡಿಯಾಗಿಯೇ ತರಿಸಬಹುದು.

4. ಹಳೆಯ ನಂಬರ್ ರದ್ದಾದರೆ ಗಾಬರಿ ಬೇಡ

ಕಂಪನಿ ಪಾರ್ಟನ್ನು ತಿದ್ದಿದಾಗ ಹೊಸ ನಂಬರ್ ಕೊಡುತ್ತದೆ. ಪೋರ್ಟಲ್‌ನಲ್ಲಿ ಹಳೆಯದನ್ನು ಹಾಕಿದರೆ ಬದಲಿ ನಂಬರ್ ತೋರಿಸುತ್ತದೆ. ಅಂಗಡಿಯವರು ‘ಅದು ಈಗ ಬರುವುದಿಲ್ಲ’ ಎಂದರೆ, ‘ಬದಲಿ ನಂಬರ್ ಏನಿದೆ ನೋಡಿ’ ಎಂದು ಕೇಳಿ.

5. ಕಾರ್ಬೊರೇಟರ್‌ಗೆ ಅದರದೇ ಗುರುತಿದೆ

ಕಾರ್ಬೊರೇಟರ್‌ಗಳನ್ನು ವಾಲ್‌ಬ್ರೊ, ಜಾಮಾ ಮುಂತಾದ ಬೇರೆಯ ಕಂಪನಿಗಳು ಮಾಡುವುದುಂಟು. ಅವುಗಳ ಮೈಮೇಲೆ ಒತ್ತಿದ ಅಕ್ಷರ, ಅಂಕಿ ಇರುತ್ತವೆ. ಆ ಗುರುತಿನಿಂದ ಡಯಾಫ್ರಮ್, ಗ್ಯಾಸ್ಕೆಟ್ ಸೇರಿದ ರಿಪೇರಿ ಕಿಟ್ ಹುಡುಕಿದರೆ ಹೊಸ ಕಾರ್ಬೊರೇಟರ್ ಕೊಳ್ಳುವ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರಿನಂಶ ಹೀರುತ್ತದೆ. ಹಳೆಯ ಮಿಷನ್ನಿನ ರಬ್ಬರ್ ಪೈಪು, ಡಯಾಫ್ರಮ್ ಬೇಗ ಕೆಡುತ್ತವೆ. ಹಾಗಾಗಿ ಕಿಟ್ ತರಿಸುವಾಗ ಪೆಟ್ರೋಲ್ ಪೈಪು, ಟ್ಯಾಂಕಿನೊಳಗಿನ ಫಿಲ್ಟರ್ ಎರಡನ್ನೂ ಸೇರಿಸಿ ಬರೆಯಿರಿ.

6. ನಂಬರ್ ಇಲ್ಲದಿದ್ದರೆ ಅಳತೆ

ಅಗ್ಗದ ಆಮದು ಮಿಷನ್ನುಗಳಿಗೆ ಪಾರ್ಟ್ ಪಟ್ಟಿಯೇ ಇಲ್ಲದಿರಬಹುದು. ಆಗ ಅಳೆಯಬೇಕು. ಗೇರ್ ಬಾಕ್ಸ್ ಬೇಕಾದರೆ ಪೈಪಿನ ಹೊರವ್ಯಾಸ 26 ಮಿ.ಮೀ.ಯೋ 28 ಮಿ.ಮೀ.ಯೋ, ಒಳಗಿನ ಶಾಫ್ಟಿನ ತುದಿಗೆ ಹಲ್ಲು 7 ಇದೆಯೋ 9 ಇದೆಯೋ ನೋಡಿ. ಬ್ಲೇಡಿನ ನಟ್ ಬಹುತೇಕ ಮಿಷನ್ನುಗಳಲ್ಲಿ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದ್ದು, ಅದನ್ನು ಹೇಳಿಯೇ ತರಿಸಿ.

ಮರಗರಗಸದ ಚೈನಿಗೆ ಮೂರು ಲೆಕ್ಕ: ಪಿಚ್, ದಪ್ಪ, ಕೆಳಗಿನ ಹಲ್ಲುಗಳ ಸಂಖ್ಯೆ. ಸಾಲಾಗಿ ಮೂರು ರಿವೆಟ್ ಹಿಡಿದು ಮೊದಲಿನದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಅರ್ಧ ಮಾಡಿದರೆ ಪಿಚ್ ಬರುತ್ತದೆ. ಬಾರಿನ ಬುಡದಲ್ಲಿ ಈ ಅಂಕಿಗಳು ಕೆತ್ತಿರುವುದೂ ಉಂಟು. ಉದ್ದ ಮಾತ್ರ ಹೇಳಿ ಚೈನ್ ತಂದರೆ ಕೂರುತ್ತದೆಂಬ ಖಾತರಿಯಿಲ್ಲ.

7. ಮಳೆಗೆ ಮುಂಚೆ ಆರ್ಡರ್

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದು ಮುಂಗಾರಿನ ಹೊಸ್ತಿಲಲ್ಲಿ, ಮತ್ತೆ 40-45 ದಿನಕ್ಕೆ. ಅದರಲ್ಲಿರುವ ಮೈಲುತುತ್ತ ಸಿಂಪಡಿಸುವ ಪಂಪಿನ ಲೋಹವನ್ನು ತಿನ್ನುತ್ತದೆ. ವಾಲ್ವ್, ವಾಷರ್, ಪ್ಯಾಕಿಂಗ್ ಎಲ್ಲವನ್ನೂ ಏಪ್ರಿಲ್‌ನಲ್ಲೇ ಬಿಚ್ಚಿ ನೋಡಿ. ಆಗ ಡೀಲರ್‌ಗೂ ಬಿಡುವಿರುತ್ತದೆ. ಜುಲೈನಲ್ಲಿ ಊರಿಗೆ ಊರೇ ಅದೇ ಪಾರ್ಟ್ ಕೇಳುತ್ತದೆ.

8. ಡೀಲರ್‌ಗೆ ಕೇಳುವ ಮಾತು

ನಂಬರ್, ಫೋಟೊ ಎರಡನ್ನೂ ವಾಟ್ಸಾಪ್ ಮಾಡಿ, ಸ್ಟಾಕ್ ಎಲ್ಲಿದೆ ಎಂದು ಕೇಳಿ: ಅಂಗಡಿಯಲ್ಲೋ, ಡಿಪೊದಲ್ಲೋ, ಹೊರದೇಶದಿಂದ ಬರಬೇಕೋ? ಲಾಗಿನ್ ಆದವರಿಗೆ ಅದು ಪೋರ್ಟಲ್‌ನಲ್ಲೇ ಕಾಣುವುದುಂಟು. ‘ಎರಡು ದಿನದಲ್ಲಿ ಬರುತ್ತೆ’ ಎಂಬ ಮಾತಿಗಿಂತ ಇದು ಉಪಯೋಗಿ. ನೈಲಾನ್ ದಾರ, ಸಾಮಾನ್ಯ ಪ್ಲಗ್‌ನಂಥವು ಬೇರೆ ಕಂಪನಿಯದಾದರೂ ಅಳತೆ, ದರ್ಜೆ ಸರಿಯಿದ್ದರೆ ಸಾಕು. ಕ್ಲಚ್, ಬ್ಲೇಡಿನ ಗಾರ್ಡ್, ಗರಗಸದ ಚೈನ್ ಬ್ರೇಕ್ ಮಾತ್ರ ಅಸಲಿಯೇ ಆಗಿರಲಿ. ಅವು ಕಾಯುವುದು ಮಿಷನ್ ಹಿಡಿದವರ ಕೈಕಾಲುಗಳನ್ನು. ಇಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗುವುದನ್ನು ನಾನಂತೂ ಯಾರಿಗೂ ಹೇಳಲಾರೆ.

9. ಪೊಟ್ಟಣ ಹರಿಯುವ ಮುಂಚೆ

ಬಂದ ಪಾರ್ಟಿನ ನಂಬರನ್ನು ಆರ್ಡರ್ ಮಾಡಿದ ನಂಬರಿನ ಜೊತೆ ಹೋಲಿಸಿ, ಹಳೆಯದರ ಪಕ್ಕದಲ್ಲಿಟ್ಟು ತೂತು, ಅಂಚು ನೋಡಿ. ಇಗ್ನಿಷನ್ ಕಾಯಿಲ್‌ನಂಥ ಎಲೆಕ್ಟ್ರಿಕಲ್ ಸಾಮಾನನ್ನು ಪೊಟ್ಟಣ ಒಡೆದ ಮೇಲೆ ಹೆಚ್ಚಿನ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಂಡಿದ್ದರೆ ಮುಂದಿನ ಸಲ ಅದನ್ನೇ ಕಳುಹಿಸಿದರಾಯಿತು.