ಕೂದಲು ಕಸಿ ಗೆಲ್ಲುವುದು ಹಿಂದಲೆಯಲ್ಲಿ: 7 ಸೂತ್ರ

ಕೆಲಗೇರಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್ ಹೊರಟಾಗ ಅಕ್ಕನ ಮಗ ಟೋಪಿ ತೆಗೆದು ತಲೆ ಬಗ್ಗಿಸಿದ. ಕಸಿ ಮಾಡಿಸಿ ಆರು ವಾರವಾಗಿತ್ತು. "ಮಾಮಾ, ಮುಂದ ಬರೂದು ಆಮ್ಯಾಲೆ ಇರ್ಲಿ, ಹಿಂದಿಂದೂ ಹೊಂಟಾವ ನೋಡು" ಅಂದ. ಕಿವಿಯಿಂದ ಕಿವಿಯವರೆಗೆ ಕೂದಲ ನಡುವೆ ಚರ್ಮ ಕಾಣುತ್ತಿತ್ತು. ಎಡಗಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ತೆಳು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕ್ಯಾಲೆಂಡರ್ ನೋಡಿ. ಕಸಿಗೆ ಬೇರು ಕೀಳುವುದು ಹಿಂದಲೆಯಿಂದ. ಕಸಿಯಾದ ಮೊದಲ ಎರಡು ಮೂರು ತಿಂಗಳಲ್ಲಿ, ಅಲ್ಲಿ ಕೀಳದೆ ಉಳಿಸಿದ ಅಕ್ಕಪಕ್ಕದ ಕೂದಲೂ ಉದುರುವುದುಂಟು. ಇದಕ್ಕೆ ಶಾಕ್ ಲಾಸ್ ಅನ್ನುತ್ತಾರೆ. ಬೇರು ಸತ್ತಿರುವುದಿಲ್ಲ, ವಿಶ್ರಾಂತಿಗೆ ಹೋಗಿರುತ್ತದೆ ಅಷ್ಟೆ. ಸಾಮಾನ್ಯವಾಗಿ ಮುಂದಿನ 3ರಿಂದ 6 ತಿಂಗಳಲ್ಲಿ ಮರಳುತ್ತದೆ. ವರ್ಷ ತುಂಬುವವರೆಗೆ ಕೆಟ್ಟಿತೆಂದು ತೀರ್ಮಾನಿಸಬೇಡಿ. ಆದರೆ ಕೀವು, ಜ್ವರ, ಹೆಚ್ಚುತ್ತಿರುವ ನೋವು, ಕಪ್ಪುಗಟ್ಟಿದ ಚರ್ಮ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಿ.

2. ಲೆಕ್ಕ ಕೇಳಿ. ಕಿತ್ತ ಬೇರಿನ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಎಷ್ಟೋ ಜನಕ್ಕೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಿಂದಲೆಯ ಒಂದು ಚದರ ಸೆಂಟಿಮೀಟರ್‌ನಲ್ಲಿ ಸುಮಾರು 60ರಿಂದ 80 ಗುಚ್ಛಗಳಿರುತ್ತವೆ, ಒಂದೊಂದರಲ್ಲಿ 1ರಿಂದ 4 ಕೂದಲು. ಗ್ರಾಫ್ಟ್ ಅಂದರೆ ಈ ಗುಚ್ಛವೇ. ಎಫ್‌ಯುಇ ವಿಧಾನದಲ್ಲಿ ಒಂದು ಮಿಲಿಮೀಟರ್‌ಗೂ ಸಣ್ಣ ಪಂಚ್‌ನಿಂದ ಇದನ್ನು ಒಂದೊಂದಾಗಿ ಬಿಡಿಸುತ್ತಾರೆ. ಅಲ್ಲಲ್ಲಿ ಚದುರಿಸಿ ಕೆಲವನ್ನಷ್ಟೇ ತೆಗೆದರೆ ಕಣ್ಣಿಗೆ ತಿಳಿಯದು. ಒಂದೇ ಕಡೆ ಒತ್ತೊತ್ತಾಗಿ ತೆಗೆದರೆ, ಅರ್ಧಕ್ಕರ್ಧ ಖಾಲಿ ಮಾಡಿದರೆ, ಇಲಿ ಕಡಿದ ಹಾಗೆ ಕಾಣುತ್ತದೆ. ಹಾಗಾಗಿ "ಎಷ್ಟು ಗ್ರಾಫ್ಟ್ ಹಾಕ್ತೀರಿ?" ಅನ್ನುವುದಕ್ಕಿಂತ ಮೊದಲು "ಹಿಂದೆ ಎಷ್ಟು ಉಳಿಸ್ತೀರಿ?" ಅಂತ ಕೇಳಿ. ಒಂದೇ ದಿನ ಅಷ್ಟು ಸಾವಿರ ಎಂಬ ಜಾಹೀರಾತಿಗೆ ಮರುಳಾಗಬೇಡಿ.

3. ಹಿಂದಲೆಯ ಬೆಲೆ ತಿಳಿಯಿರಿ. ಅಲ್ಲಿನ ಕೂದಲು ಎಲ್ಲಿಗೆ ಹೋದರೂ ಸುಲಭಕ್ಕೆ ಉದುರದ ತನ್ನ ಗುಣ ಬಿಡುವುದಿಲ್ಲವೆಂದು ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿಕೊಟ್ಟರು. ಇಡೀ ಕಸಿ ನಿಂತಿರುವುದು ಅದರ ಮೇಲೆ. ಇಪ್ಪತ್ತರ ಹರೆಯದಲ್ಲೇ ಎಲ್ಲ ಖರ್ಚು ಮಾಡಿದರೆ, ನಲವತ್ತರಲ್ಲಿ ನೆತ್ತಿ ಬೋಳಾದಾಗ ತರುವುದೆಲ್ಲಿಂದ?

4. ಹಿಂದಲೆಯೇ ಸೊರಗುತ್ತಿದೆಯೇ, ಪರೀಕ್ಷೆ ಮಾಡಿಸಿ. ಕೆಲವರಿಗೆ ಹೆಕ್ಕತ್ತಿನಿಂದ ಮೇಲಕ್ಕೆ, ಕಿವಿಯ ಸುತ್ತ ಕೂದಲು ಸಣಕಲಾಗುತ್ತಾ ಹೋಗುತ್ತದೆ. ಇನ್ನು ಕೆಲವರಿಗೆ ತಲೆಯಿಡೀ ಹಾಗೆಯೇ. ಅಂಥವರಿಗೆ ಕಸಿ ಬೇಡವೆನ್ನುವ ವೈದ್ಯರೇ ಒಳ್ಳೆಯ ವೈದ್ಯರು. ಟ್ರೈಕೋಸ್ಕೋಪ್ ಇಟ್ಟು ನೋಡಿದರೆ ಗೊತ್ತಾಗುತ್ತದೆ.

5. ಕೈ ಯಾರದು? ಕೂದಲು ಕಸಿಯನ್ನು ಯಾರು ಮಾಡಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ. ಪಂಚ್ ಹಿಡಿಯುವವರು ಯಾರೆಂದು ಮುಖಕ್ಕೇ ಕೇಳಿ, ಸಂಕೋಚ ಬೇಡ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ರಾಜ್ಯದಲ್ಲಿ ಬೇಕಾದ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ.

6. ತಿಂಗಳಿಗೊಂದು ಫೋಟೊ. ಅದೇ ಕಿಟಕಿ, ಅದೇ ಹೊತ್ತು, ಕೂದಲು ಒಣಗಿರಲಿ, ಉದ್ದವೂ ಅಷ್ಟೇ ಇರಲಿ. ಒದ್ದೆ ತಲೆಯನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿಕೊಂಡರೆ ಯಾರದ್ದಾದರೂ ತೆಳುವೇ. ಶಸ್ತ್ರಚಿಕಿತ್ಸೆಗೆ ಮುಂಚಿನ ಫೋಟೊ ಇಲ್ಲದಿದ್ದರೆ ಕ್ಲಿನಿಕ್‌ನಿಂದ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

7. ವರ್ಷವಾದರೂ ತುಂಬದಿದ್ದರೆ ದಾರಿಯಿದೆ. ಕೂದಲು ಸ್ವಲ್ಪ ಉದ್ದ ಬಿಡಿ, ಜೀರೊ ಮಷಿನ್ ಬೇಡ, ಬೇರು ಕಿತ್ತಲ್ಲಿನ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ತಲೆಯ ಚರ್ಮಕ್ಕೆ ಹಚ್ಚೆಯಂತೆ ಬಣ್ಣದ ಚುಕ್ಕೆ ಇಡುವ ವಿಧಾನವಿದೆ, ಗಡ್ಡದ ಗ್ರಾಫ್ಟ್ ಹಾಕುವುದೂ ಇದೆ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ವೈದ್ಯರ ಮಾತಿನಂತೆ ಮಾತ್ರ. ಅವು ಇರುವುದನ್ನು ಕಾಯುತ್ತವೆ, ಕಿತ್ತ ಬೇರನ್ನು ತರುವುದಿಲ್ಲ. ಸಿಟ್ಟಿನಲ್ಲಿ ಇನ್ನೊಂದು ಕ್ಲಿನಿಕ್‌ಗೆ ಓಡಿ ಎರಡನೇ ಕಸಿ ಮಾಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಎಂಟನೇ ತಿಂಗಳಲ್ಲಿ ಅವನ ಜೊತೆ ಕಟಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹಿಂದೆ ಕನ್ನಡಿ ಹಿಡಿದರು. ಹಿಂದಲೆ ತುಂಬಿತ್ತು, ಎಡಗಿವಿಯ ಹಿಂದಿನ ನಾಣ್ಯ ಮಾತ್ರ ಇನ್ನೂ ಕಾಣುತ್ತಿತ್ತು. "ಎಷ್ಟ್ ನಂಬರ್ ಹಚ್ಚಲಿ?" ಅಂದರು. ಹುಡುಗ ಒಂದು ಗಳಿಗೆ ಕನ್ನಡಿ ನೋಡಿದ. "ಮಷಿನ್ ಬ್ಯಾಡ್ರಿ, ಕತ್ತರೀಲೆ ಮಾಡ್ರಿ" ಅಂದ.