ಬೆಳ್ಳಿಯ ಬಿಲ್ಲೆಗಳ ಸಾಕ್ಷ್ಯ

ಅಂಚೆಚೀಟಿ ಕೂಡಿಡುವ ಹವ್ಯಾಸ ನಿಮ್ಮಲ್ಲಿ ಹಲವರಿಗಿದ್ದೀತು. ಪದಕ, ಬಿಲ್ಲೆಗಳನ್ನು ಸಂಗ್ರಹಿಸುವವರೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ವಿಮಾ ಕಂಪನಿಗಳು ಆಡಳಿತಸಭೆಗೆ ಹಾಜರಾದ ನಿರ್ದೇಶಕರಿಗೆ ಬೆಳ್ಳಿಯ ಬಿಲ್ಲೆಗಳನ್ನು ಕೊಡುತ್ತಿದ್ದವು. ಅವುಗಳಲ್ಲಿ ಅನೇಕವು ಎಂಟು ಮೂಲೆಯವು. 1819ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ‘ಫೀನಿಕ್ಸ್’ ಕಂಪನಿಯ ಬಿಲ್ಲೆಯಲ್ಲಿ ಉರಿಯೊಳಗಿಂದ ಏಳುವ ಹಕ್ಕಿಯಿದೆ. ಅಗ್ನಿವಿಮೆಗೆ ಇದಕ್ಕಿಂತ ಒಪ್ಪುವ ಲಾಂಛನ ಯಾವುದು!

ಇಂಥ ಬಿಲ್ಲೆಯೇ ಚರಿತ್ರೆಯನ್ನು ನುಡಿದ ಪ್ರಸಂಗ ನಾಸಿಕದಲ್ಲಿ ನಡೆಯಿತು. 1906ರಲ್ಲಿ ಆ ಜಿಲ್ಲೆಯ ಜೋಗಲ್‌ಟೆಂಭಿಯಲ್ಲಿ 13,000ಕ್ಕೂ ಮಿಕ್ಕ ಬೆಳ್ಳಿ ನಾಣ್ಯಗಳು ದೊರೆತವು. ಎಲ್ಲವೂ ಕ್ಷತ್ರಪ ನಹಪಾನನವು. ಆದರೆ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿಯ ಮುದ್ರೆಯನ್ನು ಮರಳಿ ಒತ್ತಲಾಗಿತ್ತು! ನಹಪಾನನ ಮುಖದ ಮೇಲೆಯೇ ಶಾತವಾಹನರ ಗುರುತು. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ರಾಜಧಾನಿಯಾಗಿ ಹೊಂದಿದ್ದ ಆ ವಂಶವು ಕ್ಷತ್ರಪರನ್ನು ಗೆದ್ದುದಕ್ಕೆ ಇದೇ ದೊಡ್ಡ ಆಧಾರ. ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ಬೆಳ್ಳಿ ಉಳಿಯುತ್ತಿತ್ತು, ಸಾಕ್ಷ್ಯ ಅಳಿಯುತ್ತಿತ್ತು.

ಆದುದರಿಂದ ಹಳೆಯ ನಾಣ್ಯ ಕೈಗೆ ಬಂದರೆ ಹುಣಿಸೆಹಣ್ಣು ಹಾಕಿ ಉಜ್ಜಬೇಡಿರಿ, ಅಕ್ಷರಗಳು ಸವೆದಾವು. ನೆಲದಲ್ಲಿ ದೊರೆತ ನಿಧಿ ಹತ್ತು ರೂಪಾಯಿ ಬೆಲೆಯನ್ನು ಮೀರಿದರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸತಕ್ಕದ್ದು.